ಪರದೆಯ ಪಡಿಯಚ್ಚು

ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನ. ರಾತ್ರಿ ಹನ್ನೊಂದು ದಾಟಿದೆ. ದ್ವಿತೀಯ ಪಿಯುಸಿ ಮುಗಿಸಿದ ಮಗಳು ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದಾಳೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳ ಫೈಲು ಹಿಡಿದು ತಂದೆ ಪಕ್ಕದಲ್ಲಿದ್ದಾರೆ. ಎರಡು ಗಂಟೆಯ ಒದ್ದಾಟದ ನಂತರ ಶುಲ್ಕ ಪಾವತಿಯಾಗುತ್ತದೆ. ಪರದೆಯ ಮೇಲೆ ಹಸಿರು ಗುರುತಿನೊಡನೆ ಒಂದು ಉದ್ದನೆಯ ಸಂಖ್ಯೆ ಮೂಡುತ್ತದೆ. ‘ಆಯ್ತು ಅಪ್ಪಾ!’ ಎಂದು ಮಗಳು ಹಗುರಾಗುತ್ತಾಳೆ. ‘ರಸೀದಿ ಎಲ್ಲಮ್ಮಾ?’ ಎಂದು ಅಪ್ಪ ಕೇಳುವಷ್ಟರಲ್ಲಿ ಆ ಪುಟ ಮಾಯವಾಗಿ, ‘ನಿಮ್ಮ ಅವಧಿ ಮುಗಿದಿದೆ’ ಎಂಬ ಸಾಲು ಬಂದು ಕುಳಿತಿರುತ್ತದೆ.

ಹಣ ಖಾತೆಯಿಂದ ಹೋಗಿದೆ. ಅರ್ಜಿ ತಲುಪಿತೋ ಇಲ್ಲವೋ ತಿಳಿಯದು. ಮರುದಿನ ಕಚೇರಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ ‘ಅರ್ಜಿ ಸಂಖ್ಯೆ ಹೇಳಿ’ ಎಂದು. ಕಣ್ಣಮುಂದೆ ಬಂದು ಹೋದ ಆ ಸಂಖ್ಯೆ ಈಗ ಕನ್ನಡಿಯೊಳಗಿನ ಗಂಟು!

ಇಂಥ ರಾತ್ರಿಗಳು ಇಂದು ಅನೇಕ ಮನೆಗಳಿಗೆ ಹೊಸದಲ್ಲ. ಕಾಲೇಜು ಪ್ರವೇಶ, ವಿದ್ಯಾರ್ಥಿವೇತನ, ಪರೀಕ್ಷಾ ಶುಲ್ಕ, ಹಾಸ್ಟೆಲ್ ಅರ್ಜಿ – ಎಲ್ಲವೂ ಕಂಪ್ಯೂಟರಿನ ಮೂಲಕವೇ ನಡೆಯುತ್ತವೆ. ಹಿಂದೆ ಕೈಗೆ ಬರುತ್ತಿದ್ದ ಮೊಹರು ಹಾಕಿದ ರಸೀದಿಯ ಜಾಗದಲ್ಲಿ ಈಗ ಕ್ಷಣಕಾಲ ಮಿನುಗುವ ಒಂದು ಪುಟ ಇದೆ. ಆ ಪುಟವನ್ನು ಇದ್ದಂತೆಯೇ ಹಿಡಿದಿಡುವ ಉಪಾಯ ಪ್ರತಿ ಕಂಪ್ಯೂಟರಿನಲ್ಲೂ ಇದೆ. ಅದಕ್ಕೆ ಬೇರೆ ತಂತ್ರಾಂಶ ಕೊಳ್ಳಬೇಕಿಲ್ಲ. ಒಂದೆರಡು ಕೀಲಿ ಒತ್ತಿದರೆ ಸಾಕು. ಅದೇ ಸ್ಕ್ರೀನ್‌ಶಾಟ್, ಅಂದರೆ ಪರದೆಯ ಪಡಿಯಚ್ಚು.

ಹೆಸರಿನಲ್ಲೇ ಇದೆ ಚರಿತ್ರೆ

ಕೀಲಿಮಣೆಯ ಮೇಲ್ಸಾಲಿನ ಬಲತುದಿಯತ್ತ ಕಣ್ಣು ಹಾಯಿಸಿ. ‘ಪ್ರಿಂಟ್ ಸ್ಕ್ರೀನ್’ ಎಂಬ ಕೀಲಿ ಕಾಣಿಸುತ್ತದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆ ಹೆಸರಿನ ಕೆಲವು ಅಕ್ಷರಗಳಷ್ಟೇ ಇರುತ್ತವೆ. ‘ಪರದೆಯನ್ನು ಮುದ್ರಿಸು’ ಎನ್ನುವ ಈ ಕೀಲಿಯನ್ನು ಒತ್ತಿದರೆ ಯಾವ ಮುದ್ರಣವೂ ಆಗುವುದಿಲ್ಲವಲ್ಲ, ಹಾಗಾದರೆ ಆ ಹೆಸರೇಕೆ?

ಅದಕ್ಕೆ 1981ಕ್ಕೆ ಹೋಗಬೇಕು. ಆ ವರ್ಷದ ಆಗಸ್ಟ್‌ನಲ್ಲಿ ಐಬಿಎಂ ಕಂಪೆನಿ ತನ್ನ ಮೊದಲ ‘ಪರ್ಸನಲ್ ಕಂಪ್ಯೂಟರ್’ ಅನ್ನು ಹೊರತಂದಿತು. ಅದರ 83 ಕೀಲಿಗಳ ಕೀಲಿಮಣೆಯಲ್ಲಿ ಶಿಫ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪರದೆಯ ಮೇಲಿದ್ದ ಅಕ್ಷರಗಳು ನೇರವಾಗಿ ಪ್ರಿಂಟರಿಗೆ ಹೋಗಿ ಕಾಗದದ ಮೇಲೆ ಅಚ್ಚಾಗುತ್ತಿದ್ದವು. ಆಗಿನ ಪರದೆಯಲ್ಲಿ ಸಾಮಾನ್ಯವಾಗಿ 25 ಸಾಲು, ಸಾಲಿಗೆ 80 ಅಕ್ಷರ. ಅಂದರೆ ಹೆಚ್ಚೆಂದರೆ 2,000 ಅಕ್ಷರಗಳು. ಕೀಲಿಯ ಹೆಸರು ಆಗ ಅಕ್ಷರಶಃ ನಿಜವಾಗಿತ್ತು.

ಮುಂದೆ ಚಿತ್ರಗಳು, ಕಿಟಕಿಗಳು, ಮೌಸ್ ಇರುವ ‘ವಿಂಡೋಸ್’ ಬಂದಾಗ ಕೀಲಿ ಉಳಿಯಿತು, ಕೆಲಸ ಬದಲಾಯಿತು. ಪರದೆಯ ಚಿತ್ರ ಕಾಗದಕ್ಕೆ ಹೋಗುವ ಬದಲು ಕಂಪ್ಯೂಟರಿನ ಸ್ಮೃತಿಯಲ್ಲೇ ನಿಲ್ಲತೊಡಗಿತು. ಹೆಸರು ಮಾತ್ರ ಹಳೆಯದೇ.

ಗಾಜಿನ ಫೋಟೋ ಅಲ್ಲ, ಲೆಕ್ಕದ ನಕಲು

‘ಇದಕ್ಕೆಲ್ಲ ಕೀಲಿ ಯಾಕೆ? ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದರಾಯಿತು’ ಎನ್ನುವವರಿದ್ದಾರೆ. ಏನೂ ಇಲ್ಲದಿದ್ದಾಗ ಅದೂ ಸರಿಯೇ. ಆದರೆ ಅಂಥ ಫೋಟೋದಲ್ಲಿ ಅಲೆಅಲೆಯಾದ ಬಣ್ಣದ ಪಟ್ಟೆಗಳು ಬಂದು ಅಂಕಿಗಳು ಮಸುಕಾಗುವುದನ್ನು ನೀವು ನೋಡಿರಬಹುದು. ಮನೆಯಲ್ಲಿ ಎರಡು ಪದರ ಸೊಳ್ಳೆಪರದೆಯನ್ನು ಒಂದರ ಮೇಲೊಂದು ಹಿಡಿದು ಬೆಳಕಿಗೆ ಎದುರಾಗಿ ನೋಡಿ. ಎರಡರಲ್ಲೂ ಇಲ್ಲದ ಹೊಸ ಅಲೆಗಳು ಕಾಣಿಸುತ್ತವೆ. ಭೌತವಿಜ್ಞಾನದಲ್ಲಿ ಇದನ್ನು ‘ಮ್ವಾರೆ ವಿನ್ಯಾಸ’ ಎನ್ನುತ್ತಾರೆ. ಕಂಪ್ಯೂಟರ್ ಪರದೆಯಲ್ಲಿ ಚುಕ್ಕಿಗಳ ಒಂದು ಜಾಲ, ಮೊಬೈಲ್ ಕ್ಯಾಮೆರಾದ ಒಳಗೆ ಇನ್ನೊಂದು ಜಾಲ. ಎರಡೂ ಸರಿಯಾಗಿ ಹೊಂದದೆ ಈ ಪಟ್ಟೆಗಳು ಹುಟ್ಟುತ್ತವೆ.

ಸ್ಕ್ರೀನ್‌ಶಾಟ್‌ಗೆ ಈ ತೊಂದರೆ ಇಲ್ಲ. ಯಾಕೆಂದರೆ ಅದು ಗಾಜಿನ ಫೋಟೋವೇ ಅಲ್ಲ. ಪರದೆಯ ಚಿತ್ರ ಸಾಲುಸಾಲಾಗಿ ಜೋಡಿಸಿದ ಚುಕ್ಕಿಗಳಿಂದಾದದ್ದು. ಚುಕ್ಕಿ ರಂಗೋಲಿಯ ಹಾಗೆ. ಇವೇ ಪಿಕ್ಸೆಲ್‌ಗಳು. 1920 ಅಡ್ಡ, 1080 ಉದ್ದದ ಪರದೆಯಲ್ಲಿ ಒಟ್ಟು 20,73,600 ಚುಕ್ಕಿಗಳಿರುತ್ತವೆ. ಪ್ರತಿ ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟಿರಬೇಕು ಎಂಬುದಕ್ಕೆ 0ಯಿಂದ 255ರವರೆಗಿನ ಮೂರು ಸಂಖ್ಯೆಗಳು. ಈ ಸಂಖ್ಯೆಗಳನ್ನೆಲ್ಲ ಕಂಪ್ಯೂಟರ್ ತನ್ನ ಸ್ಮೃತಿಯಲ್ಲಿ ಬರೆದಿಟ್ಟುಕೊಂಡು, ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಪರದೆಗೆ ಓದಿ ಹೇಳುತ್ತಿರುತ್ತದೆ. ಸ್ಕ್ರೀನ್‌ಶಾಟ್ ತೆಗೆಯುವುದೆಂದರೆ ಆ ಲೆಕ್ಕದ ಪುಸ್ತಕದ ನಕಲು ಪ್ರತಿ ಮಾಡಿಕೊಳ್ಳುವುದು. ಆದ್ದರಿಂದಲೇ ಅದರಲ್ಲಿ ಒಂದು ಚುಕ್ಕಿಯೂ ಮಸುಕಾಗುವುದಿಲ್ಲ.

ಇದನ್ನು ಪರೀಕ್ಷಿಸುವುದು ಸುಲಭ. ಪರದೆಯ ಮೇಲೆ ಧೂಳು ಕುಳಿತಿದ್ದರೆ, ಗಾಜು ಬಿರುಕು ಬಿಟ್ಟಿದ್ದರೆ ಅದು ಸ್ಕ್ರೀನ್‌ಶಾಟ್‌ನಲ್ಲಿ ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಇದ್ದಕ್ಕಿದ್ದಂತೆ ಒಂದು ಉದ್ದ ಗೆರೆ ಕಾಣಿಸಿಕೊಂಡಿತೆನ್ನಿ. ಒಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಬೇರೆ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ನೋಡಿ. ಅಲ್ಲಿ ಗೆರೆ ಇಲ್ಲದಿದ್ದರೆ ದೋಷ ಬಹುಮಟ್ಟಿಗೆ ಪರದೆಯಲ್ಲೋ ಅದಕ್ಕೆ ಹೋಗುವ ತಂತಿಯಲ್ಲೋ ಇದೆ. ಗೆರೆ ಇದ್ದರೆ ಚಿತ್ರವನ್ನು ಸಿದ್ಧಪಡಿಸುವ ಒಳಭಾಗದಲ್ಲಿದೆ. ರಿಪೇರಿ ಅಂಗಡಿಗೆ ಹೋಗುವ ಮೊದಲೇ ಅರ್ಧ ರೋಗ ಪತ್ತೆಯಾದಂತಾಯಿತು.

ವಿಂಡೋಸ್‌ನಲ್ಲಿ ನಾಲ್ಕು ದಾರಿ

ವಿಂಡೋಸ್ ಇರುವ ಕಂಪ್ಯೂಟರುಗಳಲ್ಲಿ ಸ್ಕ್ರೀನ್‌ಶಾಟ್ ತೆಗೆಯಲು ನಾಲ್ಕು ದಾರಿಗಳನ್ನು ತಿಳಿದಿದ್ದರೆ ಸಾಕು.

ಮೊದಲನೆಯದು, ಪ್ರಿಂಟ್ ಸ್ಕ್ರೀನ್ ಕೀಲಿಯೊಂದನ್ನೇ ಒತ್ತುವುದು. ಹಿಂದಿನ ವಿಂಡೋಸ್‌ಗಳಲ್ಲಿ ಇಡೀ ಪರದೆಯ ಚಿತ್ರ ಸದ್ದಿಲ್ಲದೆ ಸ್ಮೃತಿಗೆ ಹೋಗುತ್ತದೆ. ಆಮೇಲೆ ಪೇಂಟ್ ಅಥವಾ ವರ್ಡ್ ತೆರೆದು, ಕಂಟ್ರೋಲ್ ಮತ್ತು ‘ವಿ’ ಕೀಲಿಗಳನ್ನು ಒತ್ತಿ ಅಂಟಿಸಬೇಕು. ಈಚಿನ ವಿಂಡೋಸ್ 11ರಲ್ಲಾದರೆ ಇದೇ ಕೀಲಿ ಸಾಮಾನ್ಯವಾಗಿ ‘ಸ್ನಿಪ್ಪಿಂಗ್ ಟೂಲ್’ ಎಂಬ ಕತ್ತರಿಯನ್ನು ತೆರೆಯುತ್ತದೆ.

ಎರಡನೆಯದು, ಆಲ್ಟ್ ಕೀಲಿಯನ್ನು ಹಿಡಿದುಕೊಂಡು ಪ್ರಿಂಟ್ ಸ್ಕ್ರೀನ್ ಒತ್ತುವುದು. ಆಗ ನೀವು ಕೆಲಸ ಮಾಡುತ್ತಿರುವ ಕಿಟಕಿಯೊಂದೇ ನಕಲಾಗುತ್ತದೆ. ಹಿಂದೆ ತೆರೆದಿಟ್ಟ ಬೇರೆ ಪುಟಗಳು ಬರುವುದಿಲ್ಲ.

ಮೂರನೆಯದು, ವಿಂಡೋಸ್ ಗುರುತಿನ ಕೀಲಿಯ ಜತೆ ಪ್ರಿಂಟ್ ಸ್ಕ್ರೀನ್. 2012ರ ವಿಂಡೋಸ್ 8ರಿಂದ ಬಂದ ಈ ದಾರಿ ಅವಸರದಲ್ಲಿರುವವರಿಗೆ ಎಲ್ಲಕ್ಕಿಂತ ಕ್ಷೇಮ. ಪರದೆ ಒಮ್ಮೆ ರೆಪ್ಪೆ ಮಿಟುಕಿಸಿದಂತೆ ಮಂಕಾಗುತ್ತದೆ. ಅಷ್ಟರಲ್ಲಿ ಚಿತ್ರ ತಾನಾಗಿಯೇ ‘ಪಿಕ್ಚರ್ಸ್’ ಒಳಗಿನ ‘ಸ್ಕ್ರೀನ್‌ಶಾಟ್ಸ್’ ಫೋಲ್ಡರಿನಲ್ಲಿ ಉಳಿದಿರುತ್ತದೆ. ಅಂಟಿಸುವ ಕೆಲಸವೇ ಇಲ್ಲ. ಮೇಲೆ ಹೇಳಿದ ತಂದೆ–ಮಗಳಿಗೆ ಬೇಕಾಗಿದ್ದುದು ಇದೇ.

ನಾಲ್ಕನೆಯದು, ವಿಂಡೋಸ್, ಶಿಫ್ಟ್ ಮತ್ತು ‘ಎಸ್’ – ಮೂರನ್ನೂ ಒಟ್ಟಿಗೆ ಒತ್ತುವುದು. ಪರದೆ ಮಸುಕಾಗಿ ಮೇಲ್ಗಡೆ ಸಣ್ಣ ಪಟ್ಟಿ ಬರುತ್ತದೆ. ಮೌಸ್ ಎಳೆದು ಬೇಕಾದ ಭಾಗವನ್ನಷ್ಟೇ ಕತ್ತರಿಸಿಕೊಳ್ಳಬಹುದು. ಪಾಠದ ಒಂದು ಚಿತ್ರ, ಲೆಕ್ಕದ ಒಂದು ಹಂತ ಬೇಕಾದಾಗ ಇದು ಅನುಕೂಲ.

ಲ್ಯಾಪ್‌ಟಾಪಿನಲ್ಲಿ ಒಂದೇ ಕೀಲಿಗೆ ಎರಡು ಕೆಲಸ ವಹಿಸಿರುವುದುಂಟು. ಪ್ರಿಂಟ್ ಸ್ಕ್ರೀನ್ ಒತ್ತಿದಾಗ ಏನೂ ಆಗದಿದ್ದರೆ ಎಡಗಡೆ ಕೆಳಮೂಲೆಯ ‘ಎಫ್ಎನ್’ ಕೀಲಿಯನ್ನೂ ಜತೆಗೆ ಒತ್ತಿ ನೋಡಿ. ಆ ಕೀಲಿಯೇ ಇಲ್ಲವೆಂದಾದರೂ ಚಿಂತೆಯಿಲ್ಲ. ನಾಲ್ಕನೆಯ ದಾರಿಗೆ ಅದರ ಅಗತ್ಯವೇ ಇಲ್ಲ.

ಒಂದೇ ಹಾಳೆಯ ಹಲಗೆ

ಸ್ಕ್ರೀನ್‌ಶಾಟ್ ತೆಗೆದೂ ಕಳೆದುಕೊಳ್ಳುವವರು ಎಡವುವುದು ಒಂದೇ ಕಡೆ: ಕ್ಲಿಪ್‌ಬೋರ್ಡ್. ಇದು ಸ್ಮೃತಿಯಲ್ಲಿರುವ ತಾತ್ಕಾಲಿಕ ಜಾಗ. ಪರೀಕ್ಷೆ ಬರೆಯುವಾಗ ಬಳಸುವ ಹಲಗೆಯಲ್ಲಿ ಒಂದೇ ಹಾಳೆ ಸಿಕ್ಕಿಸಿದಂತೆ, ಇಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಒಂದೇ ವಸ್ತು ಇರುತ್ತದೆ. ಚಿತ್ರ ನಕಲಿಸಿದ ಮೇಲೆ ಬೇರೊಂದು ವಾಕ್ಯವನ್ನು ನಕಲಿಸಿದರೆ ಮೊದಲಿನ ಚಿತ್ರ ಹೋದಂತೆಯೇ. ಕಂಪ್ಯೂಟರ್ ಆರಿಸಿದರೂ ಅಷ್ಟೇ.

2018ರ ಕೊನೆಯಿಂದ ವಿಂಡೋಸ್ 10ರಲ್ಲಿ, ಆಮೇಲೆ 11ರಲ್ಲಿ ಇದಕ್ಕೊಂದು ಪರಿಹಾರ ಇದೆ. ವಿಂಡೋಸ್ ಮತ್ತು ‘ವಿ’ ಕೀಲಿಗಳನ್ನು ಒತ್ತಿ ‘ಕ್ಲಿಪ್‌ಬೋರ್ಡ್ ಹಿಸ್ಟರಿ’ಯನ್ನು ಒಮ್ಮೆ ಚಾಲೂ ಮಾಡಿಟ್ಟರೆ, ಹಿಂದೆ ನಕಲಿಸಿದ 25 ವಸ್ತುಗಳವರೆಗೆ ಮತ್ತೆ ಸಿಗುತ್ತವೆ. ಆದರೆ ಸೈಬರ್ ಸೆಂಟರಿನಂಥ ಸಾರ್ವಜನಿಕ ಕಂಪ್ಯೂಟರಿನಲ್ಲಿ ಇದೇ ಸೌಕರ್ಯ ಅಪಾಯವೂ ಹೌದು; ನಿಮ್ಮ ನಂತರ ಕೂತವರಿಗೆ ನೀವು ನಕಲಿಸಿದ್ದೆಲ್ಲ ಕಾಣಿಸಬಹುದು. ಅಲ್ಲಿ ಕೆಲಸ ಮುಗಿಸಿದ ಮೇಲೆ ಆ ಪಟ್ಟಿಯನ್ನೂ ಸ್ಕ್ರೀನ್‌ಶಾಟ್ಸ್ ಫೋಲ್ಡರನ್ನೂ ಅಳಿಸಿಯೇ ಏಳಬೇಕು.

ಮ್ಯಾಕ್, ಲಿನಕ್ಸ್ ಇದ್ದರೆ

ಆ್ಯಪಲ್ ಕಂಪೆನಿಯ ಮ್ಯಾಕ್ ಕಂಪ್ಯೂಟರುಗಳಲ್ಲಿ ಪ್ರಿಂಟ್ ಸ್ಕ್ರೀನ್ ಎಂಬ ಕೀಲಿ ಇಲ್ಲ. ಕಮಾಂಡ್, ಶಿಫ್ಟ್ ಜತೆ 3 ಒತ್ತಿದರೆ ಇಡೀ ಪರದೆ. 4 ಒತ್ತಿದರೆ ಮೌಸ್ ಎಳೆದಷ್ಟು ಭಾಗ. ನಾಲ್ಕರ ನಂತರ ಸ್ಪೇಸ್ ಬಾರ್ ಒತ್ತಿ ಒಂದು ಕಿಟಕಿಯನ್ನಷ್ಟೇ ಆರಿಸಬಹುದು. 2018ರ ‘ಮೊಹಾವೆ’ ಆವೃತ್ತಿಯಿಂದ 5 ಒತ್ತಿದರೆ ಎಲ್ಲ ಆಯ್ಕೆಗಳೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಚಿತ್ರ ಸಾಮಾನ್ಯವಾಗಿ ಡೆಸ್ಕ್‌ಟಾಪ್ ಮೇಲೆಯೇ, ದಿನಾಂಕ ಮತ್ತು ವೇಳೆಯನ್ನು ಹೆಸರಿನಲ್ಲಿ ಹೊತ್ತು ಕುಳಿತಿರುತ್ತದೆ.

ಉಚಿತವಾಗಿ ಸಿಗುವ ಲಿನಕ್ಸ್‌ನ ಉಬುಂಟುವಿನಂಥ ಆವೃತ್ತಿಗಳಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಸಾಕು. 2022ರಿಂದ ಬಂದ ಹೊಸ ವಿನ್ಯಾಸದಲ್ಲಿ ಭಾಗ, ಕಿಟಕಿ, ಇಡೀ ಪರದೆ ಎಂಬ ಮೂರು ಆಯ್ಕೆಗಳು ಪರದೆಯ ಮೇಲೆಯೇ ಮೂಡುತ್ತವೆ.

ಪರದೆಯ ಕೆಳಗೂ ಮುಂದುವರಿಯುವ ಉದ್ದನೆಯ ಪುಟಗಳಿಗೆ ಫೈರ್‌ಫಾಕ್ಸ್, ಎಡ್ಜ್ ಬ್ರೌಸರುಗಳಲ್ಲಿ ಪೂರ್ಣ ಪುಟದ ಚಿತ್ರ ತೆಗೆಯುವ ಸೌಲಭ್ಯವೇ ಇದೆ. ಇನ್ನು ರಸೀದಿ, ಅರ್ಜಿಗಳ ವಿಷಯದಲ್ಲಿ ಸ್ಕ್ರೀನ್‌ಶಾಟ್ ಮೊದಲ ರಕ್ಷಣೆ ಮಾತ್ರ. ಪುಟ ಇನ್ನೂ ತೆರೆದಿದ್ದರೆ ಕಂಟ್ರೋಲ್ ಮತ್ತು ‘ಪಿ’ ಒತ್ತಿ, ಪ್ರಿಂಟರಿನ ಜಾಗದಲ್ಲಿ ‘ಪಿಡಿಎಫ್ ಆಗಿ ಉಳಿಸು’ ಎಂಬುದನ್ನು ಆರಿಸಿ. ಅದರಲ್ಲಿ ಸಂಖ್ಯೆಯನ್ನು ಹುಡುಕಬಹುದು, ನಕಲಿಸಬಹುದು, ಚೊಕ್ಕಟವಾಗಿ ಮುದ್ರಿಸಬಹುದು. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಪಿಡಿಎಫ್ – ಈ ಕ್ರಮವನ್ನು ರೂಢಿಸಿಕೊಳ್ಳಿ.

ಯಾವ ರೂಪದಲ್ಲಿ ಉಳಿಸಬೇಕು?

ಚಿತ್ರ ಉಳಿಸುವಾಗ ಪಿಎನ್‌ಜಿ, ಜೆಪೆಗ್ ಎಂಬ ಎರಡು ಹೆಸರುಗಳು ಎದುರಾಗುತ್ತವೆ. ಮೇಲಿನ 20,73,600 ಚುಕ್ಕಿಗಳಿಗೆ ತಲಾ ಮೂರು ಬೈಟ್ ಎಂದರೆ 62,20,800 ಬೈಟ್‌ಗಳಾದವು. ಇಷ್ಟನ್ನೂ ಹಾಗೇ ಇಡುವ ಬದಲು ಎರಡೂ ವಿಧಾನಗಳು ಅದನ್ನು ಅಡಕಗೊಳಿಸುತ್ತವೆ. ಆದರೆ ಬೇರೆ ಬೇರೆ ರೀತಿಯಲ್ಲಿ.

1996ರಲ್ಲಿ ರೂಪುಗೊಂಡ ಪಿಎನ್‌ಜಿ ಏನನ್ನೂ ಎಸೆಯುವುದಿಲ್ಲ. ‘ಬಿಳಿ, ಬಿಳಿ, ಬಿಳಿ…’ ಎಂದು ಸಾವಿರ ಬಾರಿ ಬರೆಯುವ ಬದಲು ‘ಸಾವಿರ ಬಿಳಿ’ ಎಂದು ಬರೆದುಕೊಳ್ಳುವ ಜಾಣತನ ಅದರದು. ಅಕ್ಷರಗಳೇ ಹೆಚ್ಚಾಗಿರುವ ಪರದೆಗೆ ಇದು ತಕ್ಕದ್ದು. 1992ರ ಜೆಪೆಗ್, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ವಿವರಗಳನ್ನು ಕೈಬಿಟ್ಟು ಗಾತ್ರ ಇಳಿಸುತ್ತದೆ. ಮುಖ, ಮರ, ಮೋಡಗಳ ಫೋಟೋಗಳಿಗೆ ಅದು ಸರಿ. ಅಕ್ಷರಗಳ ಅಂಚಿನಲ್ಲಿ ಮಾತ್ರ ಕೊಳೆ ಹತ್ತಿದಂತೆ ಕಾಣುತ್ತದೆ. ಮತ್ತೆ ಮತ್ತೆ ಉಳಿಸಿದರಂತೂ 3 ಯಾವುದು, 8 ಯಾವುದು ಎಂದು ಕಣ್ಣು ಕಿರಿದು ಮಾಡಬೇಕಾಗುತ್ತದೆ. ಸಂಖ್ಯೆ ಇರುವ ಚಿತ್ರಕ್ಕೆ ಪಿಎನ್‌ಜಿಯೇ ಇರಲಿ.

ಚಿತ್ರದಲ್ಲಿ ಏನೇನಿರಬೇಕು ಎಂಬುದನ್ನೂ ನೋಡಿಕೊಳ್ಳಬೇಕು. ಅರ್ಜಿ ಸಂಖ್ಯೆ, ಹಣದ ಮೊತ್ತ, ಮೇಲಿನ ಪಟ್ಟಿಯಲ್ಲಿರುವ ಜಾಲತಾಣದ ವಿಳಾಸ, ಕೆಳಮೂಲೆಯ ದಿನಾಂಕ ಮತ್ತು ವೇಳೆ ಎಲ್ಲವೂ ಇದ್ದರೆ ಅದಕ್ಕೆ ಬೆಲೆ ಹೆಚ್ಚು. ಆದುದರಿಂದ ರಸೀದಿಗೆ ಇಡೀ ಪರದೆ, ಪಾಠಕ್ಕೆ ಬೇಕಾದ ಭಾಗ. ಫೈಲಿಗೆ ‘ಹಾಸ್ಟೆಲ್ ಶುಲ್ಕ, ಜೂನ್’ ಎಂಬಂತೆ ಹೆಸರಿಡಿ. ಹೆಸರಿಲ್ಲದ ನೂರು ಚಿತ್ರಗಳ ನಡುವೆ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ಕತ್ತರಿಸಿದರೂ ಉಳಿದದ್ದು

ಸ್ಕ್ರೀನ್‌ಶಾಟ್ ನೀವು ತೋರಿಸಬೇಕೆಂದಿದ್ದನ್ನಷ್ಟೇ ಅಲ್ಲ, ಪರದೆಯಲ್ಲಿದ್ದ ಎಲ್ಲವನ್ನೂ ತೋರಿಸುತ್ತದೆ. ಮೂಲೆಯಲ್ಲಿ ಇಣುಕಿದ ಗೆಳತಿಯ ಸಂದೇಶ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ – ಯಾವುದನ್ನೂ ಅದು ಬಿಡುವುದಿಲ್ಲ. ಬೇರೆಯವರಿಗೆ ಕಳಿಸುವ ಮುನ್ನ ಅಂಚಿನಿಂದ ಅಂಚಿಗೆ ಒಮ್ಮೆ ಓದಬೇಕು.

ಕತ್ತರಿಸಿಬಿಟ್ಟರೆ ಮುಗಿಯಿತು ಎಂಬ ನಂಬಿಕೆಗೂ ಒಮ್ಮೆ ಪೆಟ್ಟು ಬಿದ್ದಿತ್ತು. 2023ರ ಮಾರ್ಚ್‌ನಲ್ಲಿ ಸೈಮನ್ ಆ್ಯರನ್ಸ್ ಮತ್ತು ಡೇವಿಡ್ ಬುಕ್ಯಾನನ್ ಎಂಬ ಇಬ್ಬರು ಗೂಗಲ್ ಪಿಕ್ಸೆಲ್ ಫೋನಿನ ಚಿತ್ರ ತಿದ್ದುವ ಸಾಧನದಲ್ಲಿ ಒಂದು ದೋಷವನ್ನು ಬಯಲಿಗೆಳೆದರು. ಅಂಥದೇ ದೋಷ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ಇರುವುದು ಕೆಲವೇ ದಿನಗಳಲ್ಲಿ ತಿಳಿಯಿತು. ಚಿತ್ರವನ್ನು ಕತ್ತರಿಸಿ ಅದೇ ಫೈಲಿನ ಮೇಲೆ ಉಳಿಸಿದಾಗ, ಹಳೆಯ ಫೈಲಿನ ಬಾಲ ಹಾಗೆಯೇ ಉಳಿದುಬಿಡುತ್ತಿತ್ತು. ಬಲ್ಲವರು ಅದರಿಂದ ಕತ್ತರಿಸಿದ ಭಾಗದ ಒಂದಷ್ಟನ್ನು ಮತ್ತೆ ಪಡೆಯಬಹುದಾಗಿತ್ತು. ಎರಡೂ ಕಂಪೆನಿಗಳು ಅದೇ ತಿಂಗಳಲ್ಲಿ ದೋಷ ಸರಿಪಡಿಸಿದವು. ಆದರೆ ಅದಕ್ಕೂ ಮೊದಲು ಹಂಚಿಹೋದ ಚಿತ್ರಗಳನ್ನು ಯಾರೂ ಹಿಂದಕ್ಕೆ ತರಲಾರರು.

ಇದರಿಂದ ಕಲಿಯಬೇಕಾದ ಪಾಠ ಸರಳ. ಗುಟ್ಟಿನ ವಿಷಯ ಪರದೆಯಲ್ಲಿದ್ದಾಗ ಇಡೀ ಚಿತ್ರ ತೆಗೆದು ಆಮೇಲೆ ಕತ್ತರಿಸುವುದಕ್ಕಿಂತ ಬೇಕಾದ ಭಾಗವನ್ನಷ್ಟೇ ಹಿಡಿಯುವುದು ಮೇಲು. ಅಂಕಿಗಳನ್ನು ಮುಚ್ಚಬೇಕಾದರೆ ಮಸುಕುಗೊಳಿಸಿದರೆ ಸಾಲದು. ಗಟ್ಟಿ ಕಪ್ಪು ಬಣ್ಣ ತುಂಬಬೇಕು. ಪಾಸ್‌ವರ್ಡ್, ಒಟಿಪಿಗಳ ಸ್ಕ್ರೀನ್‌ಶಾಟ್ ತೆಗೆಯಲೇಬಾರದು. ಗೆಳೆಯರೊಡನೆ ನಡೆದ ಖಾಸಗಿ ಮಾತಿನ ಚಿತ್ರವನ್ನು ತರಗತಿಯ ಗುಂಪಿಗೆ ಹಾಕುವುದು, ಬೇರೆಯವರ ಡೈರಿಯನ್ನು ಕದ್ದು ಓದಿ ಊರಿಗೆಲ್ಲ ಹೇಳಿದಂತೆಯೇ. ಎಷ್ಟೋ ಮಕ್ಕಳ ಮನಸ್ಸು ಒಡೆಯುವುದು ಇಂಥ ಒಂದು ಚಿತ್ರದಿಂದ.

ಪ್ರತ್ಯಕ್ಷ ಕಂಡರೂ…

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಸ್ಕ್ರೀನ್‌ಶಾಟ್‌ಗೆ ಇದಕ್ಕಿಂತ ಒಪ್ಪುವ ಮಾತಿಲ್ಲ. ಅದು ಕೇವಲ ಸಂಖ್ಯೆಗಳ ನಕಲು ಎಂದಾಯಿತಲ್ಲ. ಸಂಖ್ಯೆಗಳನ್ನು ಬದಲಾಯಿಸುವುದು ಕಷ್ಟವೇನಲ್ಲ. ‘ನಾಳೆ ಶಾಲೆಗೆ ರಜೆ’ ಎಂಬ ಸುಳ್ಳು ಸುತ್ತೋಲೆ, ಪರೀಕ್ಷೆಯ ನಕಲಿ ವೇಳಾಪಟ್ಟಿ, ಹಣ ಕಳಿಸದೆಯೇ ಕಳಿಸಿದಂತೆ ಅಂಗಡಿಯವರಿಗೆ ತೋರಿಸುವ ಪಾವತಿಯ ಚಿತ್ರ – ಇವೆಲ್ಲ ಹೀಗೆ ಹುಟ್ಟಿದವು. ವೇಳಾಪಟ್ಟಿಯ ಚಿತ್ರ ಬಂದರೆ ಮಂಡಳಿಯ ಅಧಿಕೃತ ಜಾಲತಾಣವನ್ನು ನೀವೇ ತೆರೆದು ನೋಡಿ. ಹಣದ ಚಿತ್ರ ಬಂದರೆ ನಿಮ್ಮ ಖಾತೆಯನ್ನು ನೋಡಿ. ಚಿತ್ರ ಹೇಳಿದ್ದನ್ನಲ್ಲ, ಮೂಲ ಹೇಳಿದ್ದನ್ನು ನಂಬಬೇಕು.

ಕಾನೂನಿನ ನಿಲುವೂ ಇದೇ ದಿಕ್ಕಿನದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಗಳನ್ನು ಸಾಕ್ಷ್ಯವಾಗಿ ಒಪ್ಪುತ್ತದೆ. ಆದರೆ ಅದರ ಜತೆ, ಯಾವ ಸಾಧನದಿಂದ ಹೇಗೆ ಪಡೆದದ್ದು ಎಂಬ ನಿಗದಿತ ಪ್ರಮಾಣಪತ್ರವನ್ನೂ ಕೇಳುತ್ತದೆ. ಬರಿಯ ಚಿತ್ರ ದೂರಿಗೆ ಆರಂಭವೇ ಹೊರತು ಕೊನೆಯ ಮಾತಲ್ಲ.

ಹಾಗೆಂದು ಅದು ನಿಷ್ಪ್ರಯೋಜಕವಲ್ಲ. ಆನ್‌ಲೈನ್ ವಂಚನೆಯಲ್ಲಿ ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲೂ ದೂರು ಕೊಡಬಹುದು. ಆಗ ವಂಚಕನ ಸಂದೇಶ, ವಹಿವಾಟಿನ ಸಂಖ್ಯೆ, ವೇಳೆ ಇರುವ ಚಿತ್ರಗಳು ಬಹಳ ಉಪಕಾರಕ್ಕೆ ಬರುತ್ತವೆ. ಮಕ್ಕಳಿಗೆ ಯಾರಾದರೂ ಬೆದರಿಕೆಯ ಸಂದೇಶ ಕಳಿಸಿದರೆ ಹೆದರಿ ಅಳಿಸುವ ಬದಲು ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟು, ಮೂಲ ಸಂದೇಶವನ್ನೂ ಹಾಗೆಯೇ ಉಳಿಸಿ, ಅಪ್ಪ–ಅಮ್ಮನಿಗೆ ತೋರಿಸಬೇಕು. ತೋರಿಸಿದ ಮಗುವನ್ನು ಗದರದೆ ಕೇಳಿಸಿಕೊಳ್ಳುವುದು ದೊಡ್ಡವರ ಕರ್ತವ್ಯ.

ಹತ್ತು ನಿಮಿಷದ ಅಭ್ಯಾಸ

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಫಲವಿಲ್ಲ. ಕೊನೆಯ ದಿನದ ರಾತ್ರಿ ಕೀಲಿ ಹುಡುಕುವುದೂ ಹಾಗೆಯೇ. ಈ ಭಾನುವಾರ ಮನೆಯ ಕಂಪ್ಯೂಟರ್ ಮುಂದೆ ತಂದೆ–ತಾಯಿ, ಮಕ್ಕಳು ಹತ್ತು ನಿಮಿಷ ಕುಳಿತುಕೊಳ್ಳಿ. ನಾಲ್ಕೂ ದಾರಿಗಳನ್ನು ಒಂದೊಂದಾಗಿ ಪರೀಕ್ಷಿಸಿ. ನಿಮ್ಮ ಯಂತ್ರದಲ್ಲಿ ಯಾವುದು ಕೆಲಸ ಮಾಡುತ್ತದೆ, ಚಿತ್ರ ಎಲ್ಲಿ ಹೋಗಿ ಕೂರುತ್ತದೆ ಎಂದು ನೋಡಿ ಒಂದು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿ. ಈ ಕೆಲಸದಲ್ಲಿ ಮಕ್ಕಳೇ ಗುರುಗಳಾಗಲಿ, ದೊಡ್ಡವರು ಶಿಷ್ಯರಾಗಲಿ.

ಮುಂದಿನ ಸಲ ಹಸಿರು ಗುರುತು ಮೂಡಿದಾಗ ‘ಆಯ್ತು ಅಪ್ಪಾ’ ಎನ್ನುವ ಮೊದಲು ಮಗಳ ಬೆರಳು ಆ ಎರಡು ಕೀಲಿಗಳ ಮೇಲಿರುತ್ತದೆ. ಪುಟ ಆಮೇಲೆ ಮಾಯವಾದರೂ ಅರ್ಜಿಯ ಸಂಖ್ಯೆ ಮನೆಯಲ್ಲೇ ಉಳಿದಿರುತ್ತದೆ.